ಹೆಬ್ಬೆರಳು ನಿಲ್ಲಬಾರದು

ರಾತ್ರಿ ಹತ್ತೂವರೆಗೆ ಮನೆಯವರೆಲ್ಲ ಮಲಗಿದ ಮೇಲೆ ಗಿಟಾರಿನ ತಂತಿಗಳಡಿ ಒಂದು ಕರವಸ್ತ್ರ ತುರುಕಿ, ಸದ್ದು ಕುಗ್ಗಿಸಿಕೊಂಡು ಕೂರುತ್ತೇನೆ. ಎರಡು ವರ್ಷಗಳಿಂದ ಹೀಗೇ ನಡೆದಿದೆ. ಇಷ್ಟು ದಿನವೂ ಕಲಿಯುತ್ತಿರುವುದು ಒಂದೇ ಸಂಗತಿ: ಹೆಬ್ಬೆರಳು ನಿಲ್ಲಬಾರದು.

ಬಲಗೈ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಐದನೆಯದು, ನಾಲ್ಕನೆಯದು, ಆರನೆಯದು, ಮತ್ತೆ ನಾಲ್ಕನೆಯದು ಎಂದು ನಡೆಯುತ್ತಲೇ ಇರಬೇಕು. ಉಂಗುರ ಬೆರಳೂ ಕಿರುಬೆರಳೂ ಗಿಟಾರಿನ ಹಲಗೆಗೆ ಊರಿಕೊಂಡಿರುತ್ತವೆ. ಉಳಿದ ಎರಡೇ ಬೆರಳು ಸಣ್ಣ ತಂತಿಗಳಲ್ಲಿ ಹಾಡಿನ ಧಾಟಿ ನುಡಿಸಬೇಕು. ಆ ಧಾಟಿ ಹೆಬ್ಬೆರಳಿನ ಪೆಟ್ಟಿನ ಮೇಲೆಯೇ ಬಂದು ಕೂತರೆ ಹಾಡು ಪೆಡಸಾಗುತ್ತದೆ. ಅದು ಎರಡು ಪೆಟ್ಟುಗಳ ನಡುವಿನ ಸಂದಿನಲ್ಲಿ, ಕಾಲು ತಪ್ಪಿದಂತೆ ಕಂಡು ತಪ್ಪದ ಜಾಗದಲ್ಲಿ ಬೀಳಬೇಕು. ಧಾಟಿಗೆ ಗಮನ ಕೊಟ್ಟ ಕೂಡಲೇ ಹೆಬ್ಬೆರಳು ನಿಂತುಬಿಡುತ್ತದೆ, ಹೆಬ್ಬೆರಳನ್ನು ಕಾಯುತ್ತ ಕೂತರೆ ಧಾಟಿ ಕೈತಪ್ಪುತ್ತದೆ. ಒಂದು ದಿನ, ಯಾವಾಗ ಎಂದು ಗೊತ್ತಾಗದಂತೆ, ಹೆಬ್ಬೆರಳು ನನ್ನನ್ನು ಕೇಳದೆ ತಾನಾಗಿ ನಡೆಯತೊಡಗಿತು. ಅಂದು ನನಗಾದ ಸಂತೋಷವನ್ನು ಯಾರಿಗೆ ಹೇಳಲಿ? ಎಲ್ಲರೂ ಮಲಗಿದ್ದರು.

ಈ ಹೆಬ್ಬೆರಳು ನನಗೆ ಬಂದದ್ದು ಅಮೆರಿಕದ ಹಾಡುಗಾರ, ಗಿಟಾರ್ ವಾದಕ ಮಿಸಿಸಿಪ್ಪಿ ಜಾನ್ ಹರ್ಟ್ ಅವರಿಂದ. ಅವರು ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ ನಾನು ಹುಟ್ಟಿದ್ದು. ಮೊದಲ ಸಲ ಅವರ ರೆಕಾರ್ಡಿಂಗ್ ಕೇಳಿದಾಗ ಇಬ್ಬರು ನುಡಿಸುತ್ತಿದ್ದಾರೆ ಅಂದುಕೊಂಡೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಕೆಳಗೆ ಬಿಡದೆ ನಡೆಯುವ ಆ ನಾದ ಬೇಗ ಒಗ್ಗಿತು. ಆದರೆ ನಮ್ಮಲ್ಲಿ ತಂಬೂರಿ ಮೀಟುವವರು ಸಾಮಾನ್ಯವಾಗಿ ಬೇರೆ, ಹಾಡುವವರು ಬೇರೆ. ತಾಳಕ್ಕೆ ಮೃದಂಗದವರು ಇರುತ್ತಾರೆ. ಇಲ್ಲಿ ಒಬ್ಬ ಮನುಷ್ಯ ಕುರ್ಚಿಯ ಮೇಲೆ ಕೂತು ಶ್ರುತಿ, ತಾಳ, ಧಾಟಿ, ಮಾತು ನಾಲ್ಕನ್ನೂ ಹೊತ್ತಿದ್ದಾರೆ. ದನಿಯಲ್ಲಿ ಮಾತ್ರ ಹೊತ್ತ ಭಾರದ ಸುಳಿವಿಲ್ಲ.

ಜಾನ್ ಸ್ಮಿತ್ ಹರ್ಟ್ ಹುಟ್ಟಿದ್ದು ಅಮೆರಿಕದ ದಕ್ಷಿಣದ ಮಿಸಿಸಿಪ್ಪಿ ರಾಜ್ಯದ ಕ್ಯಾರಲ್ ಕೌಂಟಿಯ ಟಿಯಾಕ್ ಎಂಬಲ್ಲಿ. ವರ್ಷ 1892 ಎಂದು ಕೆಲವೆಡೆ, 1893 ಎಂದು ಕೆಲವೆಡೆ ಬರೆದಿದೆ. ಹತ್ತಿ ಹೊಲದಲ್ಲಿ ದುಡಿಯುವವರ ಮಕ್ಕಳ ಹುಟ್ಟನ್ನು ಯಾರು ಅಚ್ಚುಕಟ್ಟಾಗಿ ಬರೆದಿಟ್ಟಾರು? ಬೆಳೆದದ್ದು ಪಕ್ಕದ ಆ್ಯವಲಾನ್‌ನಲ್ಲಿ. ಮಿಸಿಸಿಪ್ಪಿ ಡೆಲ್ಟಾ ಎಂದು ಕರೆಯುವ ಚಪ್ಪಟೆ ಕಪ್ಪು ನೆಲ ಮುಗಿದು ಗುಡ್ಡಗಳು ಏಳುವ ಅಂಚಿನಲ್ಲಿ ಈ ಊರಿದೆ. ಊರು ಅನ್ನುವುದಕ್ಕಿಂತ ಅಲ್ಲೊಂದು ಇಲ್ಲೊಂದು ಮನೆ, ಒಂದು ಅಂಗಡಿ ಅಂದರೆ ಸರಿ.

ಹುಡುಗ ಗಿಟಾರ್ ಕಲಿತ ಬಗೆಯನ್ನು ಮುದುಕರಾದ ಮೇಲೆ ಅವರೇ ಹೇಳಿದ್ದಾರೆ. ವಿಲಿಯಂ ಹೆನ್ರಿ ಕಾರ್ಸನ್ ಎಂಬಾತ ಆ ಊರಿನ ಶಾಲೆಯ ಟೀಚರಮ್ಮನನ್ನು ಮೆಚ್ಚಿ ಬರುತ್ತಿದ್ದನಂತೆ, ರಾತ್ರಿ ಹರ್ಟ್ ಅವರ ಮನೆಯಲ್ಲಿ ತಂಗುತ್ತಿದ್ದನಂತೆ. ಅವನ ಗಿಟಾರನ್ನು ಮುಟ್ಟುವ ಹಾಗಿಲ್ಲ. ಹುಡುಗ ಅವನು ಮಲಗುವವರೆಗೆ ಕಾದು, ಮೆಲ್ಲಗೆ ಒಳಗೆ ಹೋಗಿ ಗಿಟಾರ್ ಎತ್ತಿ ತಂದು ನುಡಿಸುತ್ತಿದ್ದ. ಆಗ ವಯಸ್ಸು ಒಂಬತ್ತರ ಆಸುಪಾಸು. ಆಮೇಲೆ ತಾಯಿ ಒಂದೂವರೆ ಡಾಲರಿಗೆ ಒಂದು ಗಿಟಾರ್ ಕೊಡಿಸಿದರು. ಅದಕ್ಕೆ ಅವನಿಟ್ಟ ಹೆಸರು ಬ್ಲ್ಯಾಕ್ ಆ್ಯನಿ. ಗುರು ಅನ್ನುವವರು ಯಾರೂ ಇರಲಿಲ್ಲ. ಹಾಡು ಹೇಗೆ ಕೇಳಬೇಕು ಅಂತ ನನಗನಿಸಿತೋ ಹಾಗೆ ನುಡಿಸಿದೆ ಎನ್ನುವ ಅರ್ಥದ ಮಾತನ್ನು ಅವರು ಆಡುತ್ತಿದ್ದರು.

ನಿದ್ದೆ ಹೋದವನ ಪಕ್ಕದಿಂದ ಗಿಟಾರ್ ಎತ್ತಿ ತಂದ ಹುಡುಗ ಜೋರಾಗಿ ನುಡಿಸುವುದು ಹೇಗೆ ಸಾಧ್ಯ? ಅವರ ನುಡಿಸಾಣಿಕೆಯ ಮೆಲುದನಿಗೆ ಆ ರಾತ್ರಿಗಳೂ ಒಂದು ಕಾರಣ ಇರಬಹುದು ಎಂದು ಕರವಸ್ತ್ರ ತುರುಕಿಕೊಂಡು ಕೂತ ನನಗೆ ಅನಿಸುತ್ತದೆ. ಇದು ನನ್ನ ಊಹೆಯಷ್ಟೆ. ಆದರೆ ಡೆಲ್ಟಾದಲ್ಲಿ ಬ್ಲೂಸ್, ಎಂದರೆ ಅಮೆರಿಕದ ಕಪ್ಪು ಜನರ ನೋವಿನ ಹಾಡು, ಹಾಡುವ ಬೇರೆಯವರನ್ನು ಕೇಳಿ ನೋಡಿ. ಸನ್ ಹೌಸ್ ಅವರ ದನಿ ಚರ್ಚಿನಲ್ಲಿ ಪಾಪಿಗಳನ್ನು ಎಚ್ಚರಿಸುವ ದನಿ. ತಂತಿಯ ಮೇಲೆ ಲೋಹದ ಕೊಳವೆ ಜಾರಿಸುತ್ತ, ಗಿಟಾರನ್ನು ಬಡಿಯುತ್ತ ಅವರು ಹಾಡುವಾಗ ಎದೆ ಝಲ್ಲೆನ್ನುತ್ತದೆ. ಹರ್ಟ್ ಇದ್ದದ್ದು ಅಲ್ಲಿಂದ ಹೆಚ್ಚು ದೂರವಲ್ಲ, ಕಾಲವೂ ಅದೇ. ಆದರೂ ಅವರದು ಜಗಲಿಯ ಮೇಲೆ ಕೂತು ಮಾತಾಡುವವರ ದನಿ. ಅವರು ಬರೀ ಬ್ಲೂಸ್ ಹಾಡುಗಾರರೂ ಅಲ್ಲ. ಕಥನಗೀತೆ, ಚರ್ಚಿನ ಪದ, ಕುಣಿತದ ಹಾಡು, ಪೋಲಿ ಹಾಡು ಎಲ್ಲ ಅವರ ಚೀಲದಲ್ಲಿದ್ದವು. ಬ್ಲೂಸ್ ಎಂಬ ಹೆಸರು ಅಂಗಡಿಗೆ ಬರುವ ಮೊದಲೇ ಬೆರಳು ಪಳಗಿಸಿಕೊಂಡ ತಲೆಮಾರು ಅದು.

ಹೊಟ್ಟೆಪಾಡಿಗೆ ಹೊಲದ ಕೆಲಸ. ನೆಲ ಇನ್ನೊಬ್ಬರದು, ದುಡಿಮೆ ಇವರದು, ಬೆಳೆಯಲ್ಲಿ ಪಾಲು. ಬೀಜವೂ ದಿನಸಿಯೂ ಸಾಲದ ಮೇಲೆ ಬರುತ್ತವೆ. ಕೊಯ್ಲಾದ ಮೇಲೆ ಲೆಕ್ಕದ ಪುಸ್ತಕ ಇರುವುದು ಯಜಮಾನನ ಕೈಯಲ್ಲಿ. ಈ ಏರ್ಪಾಡು ನಮಗೆ ಬಿಡಿಸಿ ಹೇಳಬೇಕಾದ್ದಲ್ಲ. ಸ್ವಲ್ಪ ಕಾಲ ಅವರು ರೈಲು ಹಳಿ ಹಾಕುವ ಕೂಲಿಗೂ ಹೋಗಿದ್ದರು. ಶನಿವಾರ ರಾತ್ರಿ ಯಾರದಾದರೂ ಮನೆಯಲ್ಲಿ ಕುಣಿತವಿದ್ದರೆ ಗಿಟಾರ್ ಹಿಡಿದು ಹೊರಡುವುದು. ಕಪ್ಪು ಜನರ ಮನೆಗಳಲ್ಲಿ ನುಡಿಸಿದರು, ಬಿಳಿಯರ ಕುಣಿತಗಳಲ್ಲೂ ನುಡಿಸಿದರು. ಅದೇ ಸೀಮೆಯಲ್ಲಿ ವಿಲ್ಲಿ ನಾರ್ಮೋರ್ ಎಂಬ ಬಿಳಿಯ ಪಿಟೀಲುಗಾರನಿದ್ದ. ಅವನ ಗಿಟಾರ್ ಜೊತೆಗಾರ ಶೆಲ್ ಸ್ಮಿತ್. ಸ್ಮಿತ್ ಬಾರದ ದಿನ ಆ ಜಾಗದಲ್ಲಿ ಹರ್ಟ್ ಕೂರುತ್ತಿದ್ದರು.

ಈ ನಾರ್ಮೋರ್ ಪಿಟೀಲು ಸ್ಪರ್ಧೆಯೊಂದರಲ್ಲಿ ಗೆದ್ದು ಓಕೆ ರೆಕಾರ್ಡ್ಸ್ ಕಂಪನಿಯ ಕಣ್ಣಿಗೆ ಬಿದ್ದ. ಕಂಪನಿಯ ಟಾಮಿ ರಾಕ್‌ವೆಲ್ ಆ ಕಡೆ ಬಂದಾಗ, ನಮ್ಮೂರಿನಲ್ಲಿ ಇನ್ನೊಬ್ಬ ಇದ್ದಾನೆ, ಕೇಳಿ ಎಂದು ಹರ್ಟ್ ಅವರ ಹೆಸರು ಹೇಳಿದ. ಆ ಒಂದು ಮಾತನ್ನು ಅವನು ಆಡದೆ ಹೋಗಿದ್ದರೆ ಇಂದು ನನ್ನ ಹೆಬ್ಬೆರಳಿಗೆ ಈ ನಡೆ ಇರುತ್ತಿರಲಿಲ್ಲ. 1928ರ ಫೆಬ್ರುವರಿ 14ರಂದು ಮೆಂಫಿಸ್ ನಗರದಲ್ಲಿ ಧ್ವನಿಮುದ್ರಣ. ಆಗ ಹರ್ಟ್ ಅವರಿಗೆ ಮೂವತ್ತೈದರ ಆಸುಪಾಸು. ಆ ದಿನವನ್ನು ಅವರು ನೆನೆದುಕೊಂಡಿದ್ದಾರೆ: ದೊಡ್ಡ ಕೋಣೆ, ಕುರ್ಚಿಯ ಮೇಲೆ ತಾನು, ಬಾಯಿಯ ಹತ್ತಿರಕ್ಕೇ ತಳ್ಳಿದ ಮೈಕು. ಸರಿಯಾದ ಜಾಗ ಸಿಕ್ಕ ಮೇಲೆ ಅಲುಗಾಡಬಾರದು ಎಂದು ಅಪ್ಪಣೆ. ತಲೆ ಅಲ್ಲಾಡಿಸದೆ ಹಾಡಿ ಹಾಡಿ ಎಷ್ಟೋ ದಿನ ಕುತ್ತಿಗೆ ನೋವಿತ್ತಂತೆ. ಜೀವಮಾನವೆಲ್ಲ ಕುಣಿಯುವವರ ಮುಂದೆ ನುಡಿಸಿದ ಮನುಷ್ಯನನ್ನು ಖಾಲಿ ಕೋಣೆಯಲ್ಲಿ ಗೊಂಬೆಯಂತೆ ಕೂರಿಸಿದ್ದರು. ಎಂಟು ಹಾಡು ದಾಖಲಾದವು, ಹೊರಗೆ ಬಂದದ್ದು ಎರಡು.

ಒಂದೇ ಕುಣಿತದಲ್ಲಿ ಜೊತೆಗೆ ಕೂತು ನುಡಿಸಿದ ನಾರ್ಮೋರ್ ಮತ್ತು ಹರ್ಟ್ ಅವರ ಗ್ರಾಮೊಫೋನ್ ಪ್ಲೇಟುಗಳನ್ನು ಕಂಪನಿ ಬೇರೆ ಬೇರೆ ಪಟ್ಟಿಯಲ್ಲಿ ಇಟ್ಟಿತು. ಬಿಳಿಯನದು ಹಳೇ ಕಾಲದ ಸಂಗೀತ ಎಂಬ ಸಾಲಿಗೆ, ಕಪ್ಪು ಮನುಷ್ಯನದು ರೇಸ್ ರೆಕಾರ್ಡ್ಸ್ ಎಂಬ ಸಾಲಿಗೆ. ಎರಡು ಸಂಗೀತಗಳು ಬೇರೆ ಬೇರೆ ಎಂದು ನಂಬಿ ಎಷ್ಟೋ ತಲೆಮಾರು ಬೆಳೆದವು. ಆ್ಯವಲಾನ್ ಸುತ್ತಿನ ಶನಿವಾರ ರಾತ್ರಿಗಳಿಗೆ ಆ ಭೇದ ಅಷ್ಟಾಗಿ ತಿಳಿದಿರಲಿಲ್ಲ. ಹಾಗೆಂದು ಕುಣಿತ ಮುಗಿದ ಮೇಲೆ ಇಬ್ಬರೂ ಸಮಾನರಾಗಿ ಮನೆಗೆ ನಡೆದರು ಎಂದು ಯಾರೂ ತಿಳಿಯಬಾರದು. ಮತ ಹಾಕುವುದು ಯಾರು, ಹೊಲ ಯಾರದು, ಯಾರ ಮಾತಿಗೆ ಕೋರ್ಟಿನಲ್ಲಿ ಬೆಲೆ ಎಂಬುದೆಲ್ಲ ಮೊದಲೇ ತೀರ್ಮಾನವಾಗಿದ್ದ ನಾಡು ಅದು.

ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿ ಅವರನ್ನು ನ್ಯೂಯಾರ್ಕಿಗೆ ಕರೆಸಿಕೊಂಡಿತು. ಹೆಸರಿನ ಹಿಂದೆ ಮಿಸಿಸಿಪ್ಪಿ ಎಂದು ಸೇರಿಸಿದ್ದೂ ಕಂಪನಿಯೇ, ಮಾರಾಟಕ್ಕೆಂದು. ಡಿಸೆಂಬರ್ 21 ಮತ್ತು 28, ಎರಡು ದಿನ ಧ್ವನಿಮುದ್ರಣ. ಕೊರೆಯುವ ಚಳಿಯ ಆ ದೊಡ್ಡ ಊರಿನಲ್ಲಿ ಮನೆಯ ನೆನಪಾಗಿ ಅವರು ಒಂದು ಹಾಡು ಕಟ್ಟಿದರು: ಆ್ಯವಲಾನ್ ನನ್ನೂರು, ಸದಾ ನನ್ನ ಮನಸ್ಸಿನಲ್ಲೇ ಇರುತ್ತದೆ ಎಂಬ ಅರ್ಥದ ಸಾಲಿರುವ ಹಾಡು. ನ್ಯೂಯಾರ್ಕ್ ಒಳ್ಳೆಯ ಊರೇ, ಆದರೆ ನನ್ನದಲ್ಲ ಅಂತಲೂ ಅದರಲ್ಲಿ ಬರುತ್ತದೆ. ಮೂರು ನಿಮಿಷದ ಹಾಡು. ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದೇ ಅಷ್ಟು.

ಆಮೇಲೆ ಮನೆಗೆ ಬಂದರು. ಪ್ಲೇಟುಗಳು ಹೆಚ್ಚು ಮಾರಲಿಲ್ಲ. ಮರುವರ್ಷ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿದು, ಹಿಟ್ಟಿಗೇ ಕಾಸಿಲ್ಲದ ಜನ ಹಾಡು ಕೊಳ್ಳುವುದನ್ನು ಬಿಟ್ಟರು. ಹರ್ಟ್ ಅವರಿಗೆ ಕಂಪನಿಯಿಂದ ಮತ್ತೆ ಕರೆ ಬರಲಿಲ್ಲ.

ಇಲ್ಲಿಂದ ಮುಂದಿನ 35 ವರ್ಷಗಳನ್ನು ಅವರ ಬಗ್ಗೆ ಬರೆದ ಹೆಚ್ಚಿನವರು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ಅಜ್ಞಾತವಾಸ, ಕಣ್ಮರೆ, ಮರೆವು ಇಂಥ ಮಾತುಗಳು ಬರುತ್ತವೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಯಾರ ಕಣ್ಣಿಂದ ಮರೆಯಾದರು? ಹೆಂಡತಿ ಜೆಸ್ಸಿ ಅವರಿಗೆ ಗಂಡ ಎಲ್ಲಿದ್ದಾರೆ ಎಂದು ಗೊತ್ತಿತ್ತು. ಅಂಗಡಿಯವರಿಗೆ ಗೊತ್ತಿತ್ತು, ಹತ್ತಿ ಬಿಡಿಸುವ ಸಾಲಿನಲ್ಲಿ ಪಕ್ಕದಲ್ಲಿದ್ದವರಿಗೆ ಗೊತ್ತಿತ್ತು. ಆ ವರ್ಷಗಳಲ್ಲಿ ಅವರು ಉತ್ತರು, ಬಿತ್ತರು, ದನ ಮೇಯಿಸಿದರು, ಮಕ್ಕಳು ಮೊಮ್ಮಕ್ಕಳನ್ನು ಎತ್ತಾಡಿಸಿದರು. ಕುಣಿತ ಇದ್ದಾಗ ನುಡಿಸಿದರು, ಚರ್ಚಿನಲ್ಲಿ ಹಾಡಿದರು. ಅದು ಪೂರ್ತಿ ಬದುಕು. ಪ್ಲೇಟಿಗೆ ಇಳಿದ ಎರಡು ತಿಂಗಳನ್ನು ಜೀವನ ಎಂದೂ, ಉಳಿದ ಮೂರೂವರೆ ದಶಕವನ್ನು ಖಾಲಿ ಎಂದೂ ಎಣಿಸುವ ಲೆಕ್ಕ ಪ್ಲೇಟು ಸಂಗ್ರಹಿಸುವವರ ಲೆಕ್ಕ.

ಆದರೂ ಆ ಸಂಗ್ರಹಕಾರರಿಗೆ ನಾನು ಋಣಿ. 1952ರಲ್ಲಿ ಹ್ಯಾರಿ ಸ್ಮಿತ್ ಎಂಬ ವಿಚಿತ್ರ ಪ್ರತಿಭೆಯ ಮನುಷ್ಯ ತನ್ನ ಹಳೆಯ ಪ್ಲೇಟುಗಳ ರಾಶಿಯಿಂದ ಆರಿಸಿ ಅಮೆರಿಕದ ಜನಪದ ಸಂಗೀತದ ಒಂದು ದೊಡ್ಡ ಸಂಕಲನ ಮಾಡಿದರು, ಫೋಕ್‌ವೇಸ್ ಕಂಪನಿ ಅದನ್ನು ಹೊರತಂದಿತು. ಅದರಲ್ಲಿ ಹರ್ಟ್ ಅವರ ಎರಡು ಹಾಡುಗಳಿದ್ದವು. ಒಂದು ಫ್ರಾಂಕಿ ಎಂಬ ಹೆಂಗಸಿನದು, ಇನ್ನೊಂದು ರೈಲು ಹಳಿಗೆ ಮೊಳೆ ಹೊಡೆಯುವವನದು. ಈ ಎರಡೂ ಹಾಡುಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು.

ಫ್ರಾಂಕಿ ಹಾಡಿನ ಹಿಂದೆ ನಡೆದ ಘಟನೆಯಿದೆ. 1899ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಫ್ರಾಂಕಿ ಬೇಕರ್ ಎಂಬ ಯುವತಿ ತನ್ನ ಪ್ರಿಯಕರ ಆ್ಯಲನ್ ಬ್ರಿಟ್‌ಗೆ ಗುಂಡು ಹೊಡೆದಳು. ಅದೇ ಊರಿನಲ್ಲಿ 1895ರ ಕ್ರಿಸ್‌ಮಸ್ ರಾತ್ರಿ ಲೀ ಶೆಲ್ಟನ್ ಎಂಬವನು ಟೋಪಿಯ ಜಗಳದಲ್ಲಿ ಬಿಲ್ಲಿ ಲಯನ್ಸ್‌ನನ್ನು ಕೊಂದ. ಅದೂ ಹಾಡಾಯಿತು, ಅದನ್ನೂ ಹರ್ಟ್ ಹಾಡಿದರು. ಲೂಯಿಸ್ ಕಾಲಿನ್ಸ್ ಎಂಬವನ ಸಾವಿನ ಹಾಡನ್ನು ಜನ ಆಡಿಕೊಂಡದ್ದನ್ನು ಕೇಳಿ ತಾವೇ ಕಟ್ಟಿದರು. ಅವನನ್ನು ತಾನು ಕಂಡಿರಲಿಲ್ಲ, ಜನರ ಮಾತಿನಿಂದ ಹಾಡಿಗೆ ಸಾಕಾಗುವಷ್ಟು ಕಥೆ ಸಿಕ್ಕಿತು ಎಂದು ಹೇಳಿದ್ದಾರೆ.

ಇವೆಲ್ಲ ಕೊಲೆಯ ಹಾಡುಗಳು. ಹರ್ಟ್ ಇವನ್ನು ಹಾಡುವ ದನಿ ಮಗುವನ್ನು ತಟ್ಟಿ ಮಲಗಿಸುವ ದನಿ. ಮೊದಮೊದಲು ಇದು ನನಗೆ ಅರ್ಥವೇ ಆಗಲಿಲ್ಲ, ಮಾತು ಒಂದು ಕಡೆ, ರಾಗ ಇನ್ನೊಂದು ಕಡೆ ಅನಿಸಿತ್ತು. ಲೂಯಿಸ್ ಕಾಲಿನ್ಸ್ ಹಾಡನ್ನು ನಾನೇ ನುಡಿಸಲು ಹೊರಟ ಮೇಲೆ ಗೊತ್ತಾಯಿತು. ಆ ಹಾಡು ಕೊಂದವನ ಹಿಂದೆ ಹೋಗುವುದಿಲ್ಲ, ಅಳುವ ತಾಯಿಯ ಹತ್ತಿರ ಕೂರುತ್ತದೆ. ಸಾವಿನ ಮನೆಯಲ್ಲಿ ದನಿ ಎತ್ತಿ ಮಾತಾಡುವವರು ಹೊರಗಿನವರು. ಒಳಗೆ ಕೂತವರದು ಪಿಸುಮಾತು. ಹೆಬ್ಬೆರಳು ಆಗಲೂ ನಿಲ್ಲುವುದಿಲ್ಲ. ಹಾಗೆ ನಿಲ್ಲದಿರುವುದೇ ಆ ಹಾಡಿನ ದುಃಖವೆಲ್ಲ.

ಮೊಳೆ ಹೊಡೆಯುವವನ ಹಾಡನ್ನು ಅವರು ಹಳಿ ಕೆಲಸಕ್ಕೆ ಹೋಗಿದ್ದಾಗ ವಾಲ್ಟರ್ ಜಾಕ್ಸನ್ ಎಂಬ ಕೂಲಿಗಾರನಿಂದ ಕಲಿತದ್ದು. ಜಾನ್ ಹೆನ್ರಿಯ ಕಥೆ ಅಮೆರಿಕದಲ್ಲಿ ಮಕ್ಕಳಿಗೂ ಗೊತ್ತು: ಯಂತ್ರದ ಜೊತೆ ಪಂತ ಕಟ್ಟಿ, ಸುತ್ತಿಗೆ ಬೀಸಿ ಗೆದ್ದು, ಗೆದ್ದ ಕ್ಷಣದಲ್ಲೇ ಸತ್ತ ವೀರ. ಹೆಚ್ಚಿನ ಹಾಡುಗಳು ಆ ಸಾವನ್ನು ಹೊಗಳುತ್ತವೆ. ಹರ್ಟ್ ಅವರ ಹಾಡಿನ ಕೂಲಿಗಾರ ಹೇಳುವುದೇ ಬೇರೆ. ಈ ಸುತ್ತಿಗೆ ತೆಗೆದುಕೊಂಡು ಹೋಗಿ ಯಜಮಾನನಿಗೆ ಕೊಡು, ನಾನು ಹೊರಟುಹೋದೆ ಎಂದು ಹೇಳು. ಜಾನ್ ಹೆನ್ರಿಯನ್ನು ಕೊಂದ ಸುತ್ತಿಗೆ ಇದು, ನನ್ನನ್ನು ಕೊಲ್ಲಲಾರದು. ಇಷ್ಟನ್ನೂ ಅವರು ಹೇಳುವುದು ದನಿ ಎತ್ತರಿಸದೆ, ಹೆಜ್ಜೆ ತಪ್ಪದ ಹೆಬ್ಬೆರಳಿನ ಮೇಲೆ. 1928ರ ಮಿಸಿಸಿಪ್ಪಿಯಲ್ಲಿ ಕಪ್ಪು ಕೂಲಿಗಾರನೊಬ್ಬ ಯಜಮಾನನ ಎದುರು ಕೂಗಿ ಇದನ್ನು ಹೇಳಿದ್ದರೆ ಬದುಕುತ್ತಿದ್ದನೋ ಇಲ್ಲವೋ. ಹಾಡಿನಲ್ಲಿ ಮೆಲ್ಲಗೆ ಹೇಳಿ ಹೋಗಬಹುದಿತ್ತು. ಹರ್ಟ್ ಅವರನ್ನು ಸೌಮ್ಯ ಸ್ವಭಾವದವರು, ಸಾಧು ಎಂದು ಎಲ್ಲರೂ ಬರೆಯುತ್ತಾರೆ. ಸೌಮ್ಯತೆ ನಿಜ. ಆ ಸೌಮ್ಯತೆಯೊಳಗೆ ಸುತ್ತಿಗೆ ಕೆಳಗಿಟ್ಟು ನಡೆದುಬಿಡುವ ಒಬ್ಬ ಮನುಷ್ಯನೂ ಇದ್ದ. ಅವನನ್ನು ಬಿಟ್ಟು ಬರೀ ನಗುಮುಖದ ಅಜ್ಜನನ್ನು ಉಳಿಸಿಕೊಳ್ಳುವುದು ಅನ್ಯಾಯ.

ಫೋಕ್‌ವೇಸ್ ಸಂಕಲನ ಕೇಳಿ ಬೆಳೆದ ಯುವಕರು ಈ ಹಾಡುಗಾರರು ಯಾರು, ಬದುಕಿದ್ದಾರೆಯೇ ಎಂದು ಹುಡುಕಲು ಹೊರಟರು. ಅವರ ಕೈಯಲ್ಲಿದ್ದ ಸುಳಿವು ಹಾಡುಗಳೇ. ಹರ್ಟ್ ಅವರಂತೆಯೇ ಹಳೆಯ ಹಾಡುಗಾರರಾದ ಬುಕ್ಕಾ ವೈಟ್ ಅವರು ಅಬರ್ಡೀನ್ ಎಂಬ ಊರಿನ ಮೇಲೆ ಹಾಡಿದ್ದರು. ಹುಡುಕಲು ಹೊರಟವರಲ್ಲಿ ಇಬ್ಬರು, ಜಾನ್ ಫೇಹಿ ಮತ್ತು ಎಡ್ ಡೆನ್ಸನ್, ಹಳೆಯ ಬ್ಲೂಸ್ ಹಾಡುಗಾರ ಎಂದು ಹೆಸರಿನ ಮುಂದೆ ಬರೆದು ಆ ಊರಿನ ಅಂಚೆಗೆ ಒಂದು ಕಾಗದ ಹಾಕಿದರು. ಅದು ಕೈಯಿಂದ ಕೈಗೆ ದಾಟಿ ಮೆಂಫಿಸ್‌ನಲ್ಲಿದ್ದ ಅವರಿಗೆ ಮುಟ್ಟಿತು. ಇನ್ನೊಬ್ಬ ಬ್ಲೂಸ್ ಹಾಡುಗಾರ ಸ್ಕಿಪ್ ಜೇಮ್ಸ್ 1964ರಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಸಿಕ್ಕರು. ಸನ್ ಹೌಸ್ ಅದೇ ವರ್ಷ ಉತ್ತರದ ರಾಚೆಸ್ಟರ್ ನಗರದಲ್ಲಿ, ಗಿಟಾರ್ ಬಿಟ್ಟು ಎಷ್ಟೋ ಕಾಲವಾದ ಮೇಲೆ.

ಹರ್ಟ್ ಸಿಕ್ಕಿದ್ದು ಅವರಿಬ್ಬರಿಗಿಂತ ಮುಂಚೆ, ತಮ್ಮೂರಿನಲ್ಲೇ. ವಾಷಿಂಗ್ಟನ್ನಿನ ಸಂಗ್ರಹಕಾರ ಡಿಕ್ ಸ್ಪಾಟ್ಸ್‌ವುಡ್ ಅವರ ಬಳಿ ಆ್ಯವಲಾನ್ ಹಾಡಿನ ಟೇಪು ಇತ್ತು. ಅವರ ಗೆಳೆಯ, ಗಿಟಾರ್ ಹುಚ್ಚಿನ ಯುವಕ ಟಾಮ್ ಹಾಸ್ಕಿನ್ಸ್ ಅದನ್ನು ಕೇಳಿದ. ನನ್ನೂರು ಆ್ಯವಲಾನ್ ಎಂದು ಹಾಡುಗಾರ ತಾನೇ ಹೇಳುತ್ತಿದ್ದಾರೆ. ಆದರೆ ಹೊಸ ನಕ್ಷೆಗಳಲ್ಲಿ ಮಿಸಿಸಿಪ್ಪಿಯಲ್ಲಿ ಅಂಥ ಊರೇ ಇಲ್ಲ. ಕೊನೆಗೆ 1878ರ ಒಂದು ಹಳೆಯ ಅಟ್ಲಾಸಿನಲ್ಲಿ, ಗ್ರೀನ್‌ವುಡ್ ಮತ್ತು ಗ್ರೆನೇಡಾ ನಡುವೆ, ಸಣ್ಣ ಅಕ್ಷರದಲ್ಲಿ ಸಿಕ್ಕಿತು. 1963ರ ಆರಂಭದಲ್ಲಿ ಹಾಸ್ಕಿನ್ಸ್ ಕಾರು ಹತ್ತಿ ಹೋದ. ದಾರಿಯ ಅಂಗಡಿಯಲ್ಲಿ ವಿಚಾರಿಸಿದರೆ, ಇದೇ ರಸ್ತೆಯಲ್ಲಿ ಮುಂದೆ ಮೂರನೇ ಅಂಚೆ ಡಬ್ಬ, ಗುಡ್ಡದ ಮೇಲಿನ ಮನೆ ಎಂದರು. ಊರಿನವರಿಗೆ ಅದು ವಿಶೇಷದ ಪ್ರಶ್ನೆಯೇ ಆಗಿರಲಿಲ್ಲ.

ಬಾಗಿಲಲ್ಲಿ ನಿಂತ ಬಿಳಿಯ ಹುಡುಗನನ್ನು ಕಂಡು ಹರ್ಟ್ ಅವರಿಗಾದದ್ದು ಭಯ. ಸರ್ಕಾರದ ಪತ್ತೇದಾರ ಬಂದಿದ್ದಾನೆ ಎಂದುಕೊಂಡರು. ನೀವು ಯಾರನ್ನೋ ಹುಡುಕಿ ಇಲ್ಲಿಗೆ ಬಂದಿದ್ದೀರಿ, ನಾನು ಯಾವ ತಪ್ಪೂ ಮಾಡಿಲ್ಲ ಎಂಬ ಅರ್ಥದಲ್ಲಿ ಮಾತಾಡಿದರು. ಇದನ್ನು ನಗುವ ಪ್ರಸಂಗದಂತೆ ಹೇಳುವವರಿದ್ದಾರೆ. ಅದು ಯಾವ ನೆಲ, ಯಾವ ತಿಂಗಳು ಎಂದು ನೋಡಿದರೆ ನಗು ಬರುವುದಿಲ್ಲ. ಎಮೆಟ್ ಟಿಲ್ ಎಂಬ ಹದಿನಾಲ್ಕರ ಕಪ್ಪು ಹುಡುಗನನ್ನು 1955ರ ಒಂದು ರಾತ್ರಿ ಅಲ್ಲಿಂದ ಕೆಲವೇ ಮೈಲಿ ದೂರದ ಮನಿ ಎಂಬ ಊರಿನ ಬಳಿಯ ಮನೆಯಿಂದ ಎಳೆದೊಯ್ದು ಕೊಂದಿದ್ದರು. 1963ರ ಫೆಬ್ರುವರಿ ಕೊನೆಯಲ್ಲಿ ಗ್ರೀನ್‌ವುಡ್ ಬಳಿ ಕಪ್ಪು ಮತದಾರರ ನೋಂದಣಿಗೆ ಓಡಾಡುತ್ತಿದ್ದವರ ಕಾರಿನ ಮೇಲೆ ಗುಂಡು ಹಾರಿಸಿ ಜಿಮ್ಮಿ ಟ್ರಾವಿಸ್ ಎಂಬ ಯುವಕನನ್ನು ಗಾಯಗೊಳಿಸಿದ್ದರು. ಆ ಜೂನ್ 12ರಂದು ಜಾಕ್ಸನ್ ನಗರದಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮೆಡ್ಗರ್ ಎವರ್ಸ್ ಅವರನ್ನು ಅವರ ಮನೆಯಂಗಳದಲ್ಲೇ ಕೊಂದರು. ಇಂಥ ಹೊತ್ತಿನಲ್ಲಿ ಎಪ್ಪತ್ತು ಮುಟ್ಟಿದ ಕಪ್ಪು ಮನುಷ್ಯನ ಗುಡ್ಡದ ಮನೆಗೆ ಗುರುತಿಲ್ಲದ ಕಾರು ಬಂದು ನಿಂತಿದೆ. ನೀನೇ ಏನು ಜಾನ್ ಹರ್ಟ್ ಎಂದು ಕೇಳುತ್ತಿದ್ದಾರೆ. ಅವರು ಬಾಗಿಲು ತೆರೆದದ್ದೇ ದೊಡ್ಡದು.

ಆಗ ಅವರ ಬಳಿ ಸ್ವಂತ ಗಿಟಾರ್ ಇರಲಿಲ್ಲ. ಈ ಒಂದು ವಿಷಯ ಓದಿದಾಗ ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತಿದ್ದೆ. ಹಾಸ್ಕಿನ್ಸ್ ತನ್ನ ಗಿಟಾರ್ ತಂದು ಕೊಟ್ಟ. ಹೊಲದ ಕೆಲಸದಿಂದ ಬಿರುಸಾದ ಬೆರಳುಗಳು ಮೊದಲು ತಡವರಿಸಿದವು, ಆಮೇಲೆ ಹೆಬ್ಬೆರಳು ಎದ್ದು ನಡೆಯಿತು. ನಿದ್ದೆಯಲ್ಲಿದ್ದ ಕಾರ್ಸನ್‌ನ ಗಿಟಾರ್ ಎತ್ತಿಕೊಂಡ ಹುಡುಗ, ಅರವತ್ತು ವರ್ಷಗಳ ಮೇಲೆ ಮತ್ತೆ ಇನ್ನೊಬ್ಬರ ಗಿಟಾರ್ ಹಿಡಿದಿದ್ದ.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ವಾಷಿಂಗ್ಟನ್ನಿಗೆ ಪಯಣ. ಜುಲೈನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಹಾಡುಗಳ ದೊಡ್ಡ ಧ್ವನಿಮುದ್ರಣ. ಅದೇ ತಿಂಗಳು ನ್ಯೂಪೋರ್ಟ್ ಜನಪದ ಉತ್ಸವದ ವೇದಿಕೆ, ಸಾವಿರಾರು ಯುವಕರ ಮುಂದೆ. ಆಮೇಲೆ ಕಾಫಿ ಹೌಸುಗಳು, ಕಾಲೇಜುಗಳು, ಟಿವಿಯಲ್ಲಿ ಜಾನಿ ಕಾರ್ಸನ್ ಕಾರ್ಯಕ್ರಮ, ವ್ಯಾನ್‌ಗಾರ್ಡ್ ಕಂಪನಿಗೆ ಆಲ್ಬಮ್ಮುಗಳು. ಅವರ ಕಾಫಿ ಹಾಡಿನ ಎರಡು ಮಾತು ಎತ್ತಿಕೊಂಡು ಲವಿನ್ ಸ್ಪೂನ್‌ಫುಲ್ ಎಂಬ ತಂಡ ತನಗೆ ಹೆಸರಿಟ್ಟುಕೊಂಡಿತು. ಫೆಲ್ಟ್ ಹ್ಯಾಟ್ ಹಾಕಿಕೊಂಡು, ಗಿಟಾರಿನ ಮೇಲೆ ತುಸು ಬಾಗಿ, ಕಣ್ಣಲ್ಲಿ ನಗುತ್ತ ಹಾಡುವ ಅವರ ಚಿತ್ರಗಳೆಲ್ಲ ಈ ಮೂರು ವರ್ಷಗಳವು. ಆ ಎಳೆಯರು ಅವರನ್ನು ಮನಸಾರೆ ಪ್ರೀತಿಸಿದರು, ಕಲಿಯಲು ಬಂದವರಿಗೆ ಅವರು ಕೂತು ಹೇಳಿಕೊಟ್ಟರು. ಸ್ಟೀಫನ್ ಗ್ರಾಸ್‌ಮನ್ ಅಂಥವರು ಅವರ ಬೆರಳು ನೋಡಿ ಕಲಿತು ಬೇರೆಯವರಿಗೆ ಕಲಿಸಿದ್ದರಿಂದಲೇ ನನ್ನಂಥವನಿಗೂ ಆ ಪಾಠ ದಕ್ಕಿದೆ.

1928ರ ಹಾಡುಗಳನ್ನೂ 1963ರ ನಂತರದವನ್ನೂ ಒಂದರ ಹಿಂದೊಂದು ಹಾಕಿಕೊಂಡು ಕೇಳುವುದು ನನಗೆ ಇಷ್ಟ. ಮೊದಲಿನ ದನಿ ಹಗುರ, ಚುರುಕು. ಪ್ಲೇಟಿನ ಕರಕರ ಸದ್ದಿನ ಹಿಂದಿನಿಂದ ಬರುತ್ತದೆ. ಎರಡನೆಯದು ಕೆಳಗಿಳಿದು, ಅಗಲವಾಗಿ, ಉಸಿರು ಸೇರಿಕೊಂಡಿದೆ. ವೇಗ ಕೊಂಚ ತಗ್ಗಿದೆ. ನಡುವೆ ಹತ್ತಿರ ಹತ್ತಿರ ಎರಡು ತಲೆಮಾರು ಕಳೆದಿದೆ, ಒಂದು ಮಹಾಯುದ್ಧ ಮುಗಿದಿದೆ, ಟಿವಿ ಬಂದಿದೆ. ಗಿಟಾರಿಗೆ ವಿದ್ಯುತ್ ಸೇರಿ ಬ್ಲೂಸ್ ಶಿಕಾಗೋಗೆ ಹೋಗಿ ಬೇರೆಯೇ ಸಂಗೀತವಾಗಿದೆ. ಹೆಬ್ಬೆರಳು ಮಾತ್ರ ಅದೇ ನಡೆ ನಡೆಯುತ್ತಿದೆ. ವೃತ್ತಿಯಾಗಿದ್ದರೆ ಕಾಲಕ್ಕೆ ತಕ್ಕಂತೆ ಬದಲಾಗಲೇಬೇಕಾಗುತ್ತಿತ್ತೋ ಏನೋ. ಕಂಪನಿ ಬೇಕೆಂದದ್ದನ್ನು ನುಡಿಸಬೇಕಾಗುತ್ತಿತ್ತು. ಅವರಿಗೆ ಅದು ಶನಿವಾರ ರಾತ್ರಿಯ ಸಂಗತಿ, ತಮ್ಮದೇ ಜನರ ಕಾಲಿಗೆ ಕೊಟ್ಟ ತಾಳ. ಅಲ್ಲಿ ಅದನ್ನು ಬದಲಾಯಿಸು ಎಂದು ಕೇಳುವವರಿರಲಿಲ್ಲ. ಇದನ್ನು ಬಡತನದ ಹೊಗಳಿಕೆ ಎಂದು ಯಾರೂ ಓದಬಾರದು. ಅವರಿಗೆ ಸ್ವಂತ ಗಿಟಾರ್ ಇದ್ದಿದ್ದರೆ, ಪ್ಲೇಟುಗಳ ಹಣ ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ನನ್ನ ಕಿವಿಗೆ ಕೇಳುತ್ತಿರುವುದನ್ನು ನಾನು ಹೇಳದೆ ಇರಲಾರೆ.

ವಾಷಿಂಗ್ಟನ್ನಿನಲ್ಲಿ ಹೆಂಡತಿ, ಮೊಮ್ಮಕ್ಕಳ ಜೊತೆ ಕೆಲ ಕಾಲ ಇದ್ದು, ಕೊನೆಗೆ ಮಿಸಿಸಿಪ್ಪಿಗೇ ಮರಳಿದರು. ಈ ಸಲ ಆ್ಯವಲಾನ್ ಹತ್ತಿರದ ಗ್ರೆನೇಡಾಕ್ಕೆ. 1966ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕೊನೆಯ ಧ್ವನಿಮುದ್ರಣಗಳಾದವು. ಆ ನವೆಂಬರ್ 2ರಂದು ಹೃದಯಾಘಾತದಿಂದ ಗ್ರೆನೇಡಾದಲ್ಲಿ ತೀರಿಕೊಂಡರು. ಆ್ಯವಲಾನ್‌ನ ಕಾಡಿನ ನಡುವಿನ ಸೇಂಟ್ ಜೇಮ್ಸ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅವರಿದ್ದ ಪುಟ್ಟ ಮರದ ಮನೆಯನ್ನು ಮೊಮ್ಮಗಳು ಮೇರಿ ಫ್ರಾನ್ಸಿಸ್ ಹರ್ಟ್ ಉಳಿಸಿ ವಸ್ತುಸಂಗ್ರಹಾಲಯ ಮಾಡಿದ್ದರು. 2024ರ ಫೆಬ್ರುವರಿಯಲ್ಲಿ ಅದು ಬೆಂಕಿಗೆ ಸುಟ್ಟುಹೋಯಿತು. ಸುದ್ದಿ ಓದಿದ ರಾತ್ರಿ ಗಿಟಾರ್ ಮುಟ್ಟಲಾಗಲಿಲ್ಲ.

ಹರ್ಟ್ ಅವರಿಗೆ ಒಂದು ರೂಢಿಯಿತ್ತು. ಎಷ್ಟೋ ಹಾಡುಗಳಲ್ಲಿ ಸಾಲಿನ ಕೊನೆಯ ಮಾತನ್ನು ಅವರ ಬಾಯಿ ಹಾಡುವುದಿಲ್ಲ, ಸುಮ್ಮನಾಗಿಬಿಡುತ್ತದೆ. ಆ ಮಾತಿನ ಸ್ವರಗಳನ್ನು ಸಣ್ಣ ತಂತಿ ನುಡಿಯುತ್ತದೆ, ಕೇಳುವವರ ಮನಸ್ಸು ಮಾತು ತುಂಬಿಕೊಳ್ಳುತ್ತದೆ. ಮೊಳೆ ಹೊಡೆಯುವವನ ಹಾಡನ್ನು ಈಗ ಹಾಗೆ ಕಲಿಯುತ್ತಿದ್ದೇನೆ. ಮಾತು ನಿಲ್ಲಿಸಿದ ಕೂಡಲೇ ಹೆಬ್ಬೆರಳೂ ನಿಲ್ಲುತ್ತದೆ. ನಿನ್ನೆ ರಾತ್ರಿ ಹನ್ನೆರಡರ ಹೊತ್ತಿಗೆ ಒಂದು ಸಲ, ಒಂದೇ ಸಲ, ನಿಲ್ಲಲಿಲ್ಲ.